ಕಥೆಗಾರ್ತಿಯಾಗಿಯೇ ವಿಜ್ಞಾನಕ್ಕೆ ಬಾ

ಮಗಳೇ,

ನೋಯ್ಡಾದಿಂದ ನೀನು ಬರೆದ ಪತ್ರವನ್ನು ನಿಧಾನವಾಗಿ ಓದಿದೆ. ಮೊದಲ ಕಥಾಸಂಕಲನ ಹೊರಬಂದ ಹೊತ್ತಿನಲ್ಲೇ ವಿಜ್ಞಾನ ಬರವಣಿಗೆಯನ್ನು ಹೊಟ್ಟೆಪಾಡಿನ ಕಸುಬಾಗಿ ಮಾಡಿಕೊಳ್ಳುವ ಆಸೆ ನಿನಗೆ ಹುಟ್ಟಿದೆ. ಕಥೆ ಬರೆಯುವುದನ್ನು ಬಿಟ್ಟರೆ ಮಾತ್ರ ವಿಜ್ಞಾನಿಗಳು ನಂಬುತ್ತಾರೇನೋ ಎಂದು ಕೇಳಿದ್ದೀಯ. ಬಿಡಬೇಡ. ಆದರೆ ಕಲ್ಪನೆಗೆ ಎಲ್ಲಿ ಜಾಗ ಕೊಡಬೇಕು, ಎಲ್ಲಿ ಕೊಡಬಾರದು ಎಂಬುದನ್ನು ಈಗಲೇ ಕಲಿತುಕೋ. ಪ್ರಶ್ನೆ ಕೇಳುವಾಗ ಕಲ್ಪನೆ ಎಷ್ಟು ಬೇಕಾದರೂ ಇರಲಿ, ಉತ್ತರ ಕೊಡುವಾಗ ಚಿಟಿಕೆಯಷ್ಟೂ ಬೇಡ. ನಾನು ಹೇಳಬೇಕಾದದ್ದೆಲ್ಲ ಈ ಮಾತಿನಲ್ಲೇ ಇದೆ.

ನೀನು ಹೊಸ ದಾರಿಯನ್ನೇನೂ ತುಳಿಯುತ್ತಿಲ್ಲ. ‘ಚೋಮನ ದುಡಿ’ ಬರೆದ ಶಿವರಾಮ ಕಾರಂತರೇ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನೂ ಬರೆದರು. ತೇಜಸ್ವಿಯವರ ‘ಕರ್ವಾಲೊ’ ಬಂದದ್ದು 1980ರಲ್ಲಿ. ಹಾರುವ ಓತಿಯನ್ನು ಹುಡುಕಿ ಹೊರಟ ವಿಜ್ಞಾನಿಗೆ ಅಲ್ಲಿ ಹಳ್ಳಿಯ ಮಂದಣ್ಣನ ಕಣ್ಣು ಬೇಕಾಗುತ್ತದೆ. ವಿಜ್ಞಾನ ನಡೆಯುವುದು ಮನುಷ್ಯರ ನಡುವೆ ಎಂಬುದನ್ನು ಆ ಕಾದಂಬರಿಯಷ್ಟು ಚೆನ್ನಾಗಿ ಕನ್ನಡಿಗರಿಗೆ ತೋರಿಸಿದ ಪುಸ್ತಕ ಕಡಿಮೆ. ನಾಗೇಶ ಹೆಗಡೆಯವರು ನಿನ್ನ ಪಕ್ಕದ ದಿಲ್ಲಿಯ ಜೆಎನ್‌ಯುನಲ್ಲೇ ಪರಿಸರ ವಿಜ್ಞಾನ ಓದಿ, ಆಮೇಲೆ ‘ಪ್ರಜಾವಾಣಿ’ ಸೇರಿ ಮನೆಮನೆಗೆ ವಿಜ್ಞಾನ ಮುಟ್ಟಿಸಿದರು.

ದಿಲ್ಲಿಯಲ್ಲಿ ಇನ್ನೊಬ್ಬರಿದ್ದರು, ಬಾಳ ಫೋಂಡ್ಕೆ. ಅಣು ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದ ವಿಜ್ಞಾನಿ, ಮರಾಠಿಯಲ್ಲಿ ವೈಜ್ಞಾನಿಕ ಕಥೆ ಬರೆದವರು, ಮುಂದೆ ಸರ್ಕಾರಿ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ಪ್ರಕಟಣಾ ಸಂಸ್ಥೆಯ ನಿರ್ದೇಶಕರಾದವರು. ಅವರು ಸಂಪಾದಿಸಿದ ಭಾರತೀಯ ವೈಜ್ಞಾನಿಕ ಕಥೆಗಳ ಸಂಕಲನವನ್ನು ನ್ಯಾಷನಲ್ ಬುಕ್ ಟ್ರಸ್ಟ್ 1993ರಲ್ಲಿ ಹೊರತಂದಿತು. ನಮ್ಮ ರಾಜಶೇಖರ ಭೂಸನೂರಮಠರ ಕಥೆಯೂ ಅದರಲ್ಲಿದೆ. ಕಥೆ ಬರೆದದ್ದರಿಂದ ಇವರಲ್ಲಿ ಯಾರ ಮಾತಿನ ತೂಕವೂ ಇಳಿಯಲಿಲ್ಲ. ಏಕೆಂದರೆ ಯಾವುದು ಕಥೆ, ಯಾವುದು ವರದಿ ಎಂಬ ಗೆರೆಯನ್ನು ಅವರು ಓದುಗರಿಂದ ಮುಚ್ಚಿಡಲಿಲ್ಲ.

ಆ ಗೆರೆ ಎಲ್ಲಿದೆ ಎಂದು ತಿಳಿಯಬೇಕಾದರೆ ಮಳೆಗಾಲ ಮುಗಿದ ಮೇಲೆ ಕಾಳಿಂದಿ ಕುಂಜ್‌ಗೆ ಹೋಗಿ ನಿಲ್ಲು. ಓಖ್ಲಾ ಬ್ಯಾರೇಜಿನ ಕೆಳಗೆ ಯಮುನೆಯ ಮೇಲೆ ದಪ್ಪ ಬಿಳಿ ನೊರೆ ತೇಲುತ್ತಿರುತ್ತದೆ. ಛಠ್ ಹಬ್ಬದಲ್ಲಿ ಆ ನೊರೆಯ ನಡುವೆಯೇ ನಿಂತು ಸೂರ್ಯನಿಗೆ ಅರ್ಘ್ಯ ಕೊಡುವ ಹೆಂಗಸರ ಚಿತ್ರಗಳನ್ನು ನೀನು ನೋಡಿರುತ್ತೀಯ. ಕಥೆಗಾರ್ತಿಯಾದ ನಿನ್ನ ಕಣ್ಣು ಮೊದಲು ಹೋಗುವುದು ಅವರಲ್ಲೊಬ್ಬಳ ಮುಖದ ಮೇಲೆ. ಹೋಗಲಿ, ಅಲ್ಲಿಂದಲೇ ಶುರು ಮಾಡು. ಆಕೆ ಏನು ಕೇಳಿಯಾಳು ಎಂದು ಊಹಿಸು. ಈ ನೊರೆ ಇಲ್ಲೇ ಏಕೆ? ನದಿ ದಿಲ್ಲಿಗೆ ಕಾಲಿಡುವ ಪಲ್ಲಾದಲ್ಲಿ ಏಕಿಲ್ಲ? ಮಳೆಗಾಲದ ತುಂಬು ಹೊಳೆಯಲ್ಲಿ ಏಕೆ ಕಾಣುವುದಿಲ್ಲ? ಇಲ್ಲಿಯವರೆಗೂ ಕಲ್ಪನೆ ನಿನ್ನ ಜೊತೆಗಿತ್ತು. ಇನ್ನು ಮುಂದೆ ಸಾಕ್ಷ್ಯ ಹೇಳಿದಷ್ಟೇ.

ವಜೀರಾಬಾದ್ ದಾಟುತ್ತಿದ್ದಂತೆ ನಜಫ್‌ಗಢ ನಾಲೆ ಯಮುನೆಗೆ ಬಂದು ಬೀಳುತ್ತದೆ. ಅಲ್ಲಿಂದ ಓಖ್ಲಾವರೆಗೆ ಸುಮಾರು 22 ಕಿಲೋಮೀಟರ್, ನದಿಯ ಒಟ್ಟು ಉದ್ದದ ಶೇ 2ಕ್ಕೂ ಕಡಿಮೆ. ಆದರೆ ಯಮುನೆಯ ಕೊಳೆಯ ಬಹುಪಾಲು ಸೇರುವುದು ಇಷ್ಟರೊಳಗೇ. ಶುದ್ಧೀಕರಿಸದ ಚರಂಡಿ ನೀರಿನಲ್ಲಿ ಬಟ್ಟೆ ಒಗೆಯುವ ಪುಡಿ, ಸೋಪಿನ ಅಂಶಗಳಿರುತ್ತವೆ. ಅವುಗಳ ಅಣುವಿನ ಒಂದು ತುದಿ ನೀರಿಗೆ ಅಂಟಿಕೊಳ್ಳುತ್ತದೆ, ಇನ್ನೊಂದು ತುದಿ ನೀರಿನಿಂದ ದೂರ ಸರಿಯುತ್ತದೆ. ಹಾಗಾಗಿ ಅವು ನೀರಿನ ಮೇಲ್ಮೈಯಲ್ಲಿ ಸಾಲುಗಟ್ಟಿ ನಿಂತು ಗಾಳಿಗುಳ್ಳೆ ಬೇಗ ಒಡೆಯದಂತೆ ಕಾಯುತ್ತವೆ. ಬ್ಯಾರೇಜಿನ ಮೇಲಿಂದ ನೀರು ಧುಮುಕುವಾಗ ಗಾಳಿ ಬೆರೆತು ನೊರೆ ಏಳುತ್ತದೆ. ಮಳೆಗಾಲದಲ್ಲಿ ಹರಿವು ಹೆಚ್ಚಿ ಕೊಳೆಯೆಲ್ಲ ತೆಳುವಾಗಿರುತ್ತದೆ. ಮಳೆ ನಿಂತು ನೀರು ಇಳಿದಾಗ ನೊರೆ ದಟ್ಟವಾಗುತ್ತದೆ. ಇದನ್ನೇ ಕನ್ನಡದಲ್ಲಿ ಬರೆದು ನೋಡು. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿಯಿಂದ ಎದ್ದು ರಸ್ತೆಗೆ ಹಾರಿ ಬಂದ ನೊರೆ ಬೆಂಗಳೂರಿನವರಿಗೆ ಇನ್ನೂ ನೆನಪಿದೆ. ಕೊಳಚೆ ನೀರು, ಸೋಪಿನ ಅಂಶ, ಎತ್ತರದಿಂದ ಬೀಳುವ ಕೋಡಿ: ಅಲ್ಲಿನ ಕಾರಣವೂ ಇದೇ. ಹೀಗೆ ಹೋಲಿಸಿ ಬರೆದರೆ ದಿಲ್ಲಿಯ ನದಿ ಅವರಿಗೆ ತಮ್ಮೂರಿನದಾಗುತ್ತದೆ.

ಬರೆಯುತ್ತಾ ಬರೆಯುತ್ತಾ ಒಂದು ಆಸೆ ಬರುತ್ತದೆ. ನೊರೆಯಲ್ಲಿ ನಿಂತಿದ್ದ ಆ ಹೆಂಗಸಿಗೆ ಮನೆಗೆ ಹೋದ ಮೇಲೆ ಮೈಯೆಲ್ಲ ತುರಿಸಿತು ಎಂದು ಸೇರಿಸಿಬಿಡೋಣ ಅನಿಸುತ್ತದೆ. ಕಥೆಗಾದರೆ ಅದು ಒಪ್ಪುವ ಸಾಲು. ಲೇಖನದಲ್ಲಿ ಆಕೆಯನ್ನು ಕೇಳದೆ, ಚರ್ಮದ ವೈದ್ಯರನ್ನು ಕೇಳದೆ ಅದನ್ನು ಬರೆಯಬೇಡ. ಇಬ್ಬರು ವಿಜ್ಞಾನಿಗಳನ್ನು ಸೇರಿಸಿ ಒಂದು ಪಾತ್ರ ಮಾಡಬೇಡ. ಆಡದ ಮಾತನ್ನು ಯಾರ ಬಾಯಲ್ಲೂ ಇಡಬೇಡ. ಇಲಿಗಳ ಮೇಲೆ ನಡೆದ ಪ್ರಯೋಗವನ್ನು ಮನುಷ್ಯರಿಗೆ ಸಿಕ್ಕ ಮದ್ದು ಎಂದು ಸಾರಬೇಡ. ‘ಅಪಾಯ ದುಪ್ಪಟ್ಟು’ ಎಂದು ಯಾರಾದರೂ ಹೇಳಿದರೆ, ಎಷ್ಟರಿಂದ ಎಷ್ಟಕ್ಕೆ ಎಂದು ಕೇಳು. ಲಕ್ಷಕ್ಕೆ ಒಬ್ಬರಿದ್ದದ್ದು ಇಬ್ಬರಾದರೂ ದುಪ್ಪಟ್ಟೇ, ನೂರಕ್ಕೆ ಇಪ್ಪತ್ತಿದ್ದದ್ದು ನಲವತ್ತಾದರೂ ದುಪ್ಪಟ್ಟೇ. ಓದುಗರು ಎಷ್ಟು ಹೆದರಬೇಕು ಎಂಬುದು ಆ ಅಂಕಿಯಲ್ಲಿದೆ.

ವಿಜ್ಞಾನಿಯ ಎದುರು ಕೂತಾಗ ‘ನೀವೇನು ಕಂಡುಹಿಡಿದಿರಿ’ ಎಂದಷ್ಟೇ ಕೇಳಿ ಎದ್ದು ಬರಬೇಡ. ‘ಅದು ನಿಮಗೆ ಹೇಗೆ ಗೊತ್ತಾಯಿತು’ ಎಂದು ಕೇಳು. ಕೆಟ್ಟುಹೋದ ಯಂತ್ರ, ಸಿಗದ ಮಾದರಿ, ಸಹೋದ್ಯೋಗಿಯ ಅನುಮಾನ ಎಲ್ಲ ಆಗ ಹೊರಬರುತ್ತವೆ. ಕಥೆಗಾರ್ತಿಗೆ ಬೇಕಾದ ಪಾತ್ರ, ಸಂಘರ್ಷ, ತಿರುವು ಅಲ್ಲೇ ನಿಜವಾಗಿ ಸಿಗುತ್ತವೆ, ಹುಟ್ಟಿಸಬೇಕಾಗಿಲ್ಲ. ಬರೆದಾದ ಮೇಲೆ ಅಂಕಿ, ಹೆಸರು, ಪ್ರಕ್ರಿಯೆ ಸರಿಯಿದೆಯೇ ಎಂದು ಅವರಿಂದ ನೋಡಿಸು. ಟೀಕೆಯನ್ನು ತೆಗೆಯಲು ಹೇಳಿದರೆ ವಿನಯದಿಂದಲೇ ಒಲ್ಲೆ ಅನ್ನು.

ಇನ್ನು ಹೊಟ್ಟೆಪಾಡು. ದಿಲ್ಲಿಯ ಮಗ್ಗುಲಲ್ಲೇ ಇದ್ದೀಯ, ಇದು ದೊಡ್ಡ ಅನುಕೂಲ. 1952ರಿಂದ ಬರುತ್ತಿರುವ ಹಿಂದಿಯ ‘ವಿಜ್ಞಾನ ಪ್ರಗತಿ’, 1964ರಲ್ಲಿ ಶುರುವಾದ ‘ಸೈನ್ಸ್ ರಿಪೋರ್ಟರ್’ ಎರಡೂ ಸಿಎಸ್‌ಐಆರ್‌ನ ಪತ್ರಿಕೆಗಳು. 1992ರಲ್ಲಿ ಆರಂಭವಾದ ‘ಡೌನ್ ಟು ಅರ್ತ್’ ಪತ್ರಿಕೆಯಿದೆ. ಪ್ರಗತಿ ಮೈದಾನದ ರಾಷ್ಟ್ರೀಯ ವಿಜ್ಞಾನ ಕೇಂದ್ರವಿದೆ. ವಿಜ್ಞಾನ ವಸ್ತುಪ್ರದರ್ಶನದ ಫಲಕಕ್ಕೆ, ಸಾಕ್ಷ್ಯಚಿತ್ರದ ನಿರೂಪಣೆಗೆ ಕೂಡ ಬರೆಯುವ ಕೈ ಬೇಕು. ಆದರೆ ಯಾವ ಒಂದು ಕಚೇರಿಯನ್ನೂ ನೆಚ್ಚಿ ಬದುಕು ಕಟ್ಟಬೇಡ. 1989ರಲ್ಲಿ ಹುಟ್ಟಿ ನಿನ್ನ ನೋಯ್ಡಾದಿಂದಲೇ ದೇಶದ ಭಾಷೆಗಳಲ್ಲಿ ವಿಜ್ಞಾನ ಹಂಚಿದ ಸರ್ಕಾರಿ ಸಂಸ್ಥೆ ‘ವಿಜ್ಞಾನ ಪ್ರಸಾರ್’ 2023ರಲ್ಲಿ ಮುಚ್ಚಿತು. ನಿನ್ನ ಕೈಯಲ್ಲಿ ಉಳಿಯುವುದು ಎರಡೇ: ಆಳವಾಗಿ ಬಲ್ಲ ಒಂದು ವಿಷಯ ಮತ್ತು ನಿನ್ನ ಹೆಸರು ನೋಡಿ ಓದುವ ಓದುಗರು. ನೀರು, ಗಾಳಿ, ಆರೋಗ್ಯ, ಖಗೋಳ ಯಾವುದಾದರೂ ಒಂದನ್ನು ಹಿಡಿದು ವರ್ಷಗಟ್ಟಲೆ ಬಿಡದೆ ಓದು. ಸಂಖ್ಯಾಶಾಸ್ತ್ರದ ಮೊದಲ ಪಾಠಗಳನ್ನು ಕಲಿ. ಕೈಗೆ ಬಂದ ಪತ್ರಿಕಾ ಪ್ರಕಟಣೆಯನ್ನು ತಿರುಗಿಸಿ ಬರೆದು ಹಣ ಪಡೆಯುವುದು ಸುಲಭ, ಆದರೆ ಅದರಲ್ಲೇ ಮುಳುಗಿದರೆ ಕಲಿಯುವುದು ನಿಲ್ಲುತ್ತದೆ.

ಸಂಬಳ ಹಿಂದಿ, ಇಂಗ್ಲಿಷಿನಿಂದ ಬರಲಿ, ಬೇಸರವಿಲ್ಲ. ಆದರೂ ಕನ್ನಡಕ್ಕೆ ತಪ್ಪದೆ ಬರೆ. ಬರೆದದ್ದನ್ನು ಲೋದಿ ಎಸ್ಟೇಟಿನ ಕನ್ನಡ ಶಾಲೆಯ ಮಕ್ಕಳಿಗೋ, ದಿಲ್ಲಿ ಕರ್ನಾಟಕ ಸಂಘದ ಹಿರಿಯರಿಗೋ ಗಟ್ಟಿಯಾಗಿ ಓದಿ ಹೇಳು. ಅವರು ಎಲ್ಲಿ ಆಕಳಿಸಿದರು, ಎಲ್ಲಿ ತಡೆದು ಪ್ರಶ್ನೆ ಕೇಳಿದರು ಎಂದು ಗುರುತು ಹಾಕಿಕೋ. ಅವರಿಗಿಂತ ಒಳ್ಳೆಯ ಸಂಪಾದಕರು ನಿನಗೆ ಸಿಗಲಾರರು.

ಲೇಖನಕ್ಕೆ ಒಗ್ಗದ ಊಹೆಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡು, ಎರಡನೆಯ ಸಂಕಲನಕ್ಕೆ ಆಗುತ್ತವೆ. ನದಿಯ ಬಗ್ಗೆ ನಿಜ ತಿಳಿದವಳು ಬರೆದ ನದಿಯ ಕಥೆ ಇನ್ನಷ್ಟು ಗಟ್ಟಿಯಾಗಿರುತ್ತದೆ. ಮೊದಲ ಲೇಖನದ ಕರಡನ್ನು ನನಗೂ ಕಳಿಸು. ಭಾಷೆಯನ್ನು ನಾನು ನೋಡುತ್ತೇನೆ, ವಿಷಯವನ್ನು ಬಲ್ಲವರಿಗೆ ತೋರಿಸು. ಕಥೆ, ವಿಜ್ಞಾನ ಎರಡನ್ನೂ ಬರೆಯುವ ಶಕ್ತಿ ನಿನ್ನಲ್ಲಿದೆ, ನನಗೆ ಅನುಮಾನವಿಲ್ಲ.