ಟಾರ್ಚ್ ಪ್ಲೇಟ್ ಮುಟ್ಟಿದರೂ ಮೆಷಿನ್‌ಗೆ ಗೊತ್ತಾಗುತ್ತಿಲ್ಲವೇ?

ಶೆಡ್ಡಿನಲ್ಲಿ ಸಿಎನ್‌ಸಿ ಪ್ಲಾಸ್ಮಾ ಟೇಬಲ್ ಇಟ್ಟುಕೊಂಡವರಿಗೆ ಈ ದೃಶ್ಯ ಹೊಸದಲ್ಲ. ಸೈಕಲ್ ಸ್ಟಾರ್ಟ್ ಒತ್ತುತ್ತೀರಿ, ಟಾರ್ಚ್ ಇಳಿಯುತ್ತದೆ, ಪ್ಲೇಟ್ ಮುಟ್ಟುತ್ತದೆ, ಮುಟ್ಟಿದ ಮೇಲೂ ಒತ್ತುತ್ತಲೇ ಹೋಗುತ್ತದೆ. ಇನ್ನೊಂದು ದಿನ ಇದರ ಉಲ್ಟಾ: ಪ್ಲೇಟಿಗಿಂತ ನಾಲ್ಕು ಬೆರಳು ಮೇಲೆಯೇ ನಿಂತು, ಗಾಳಿಯಲ್ಲಿ ಕಿಡಿ ಹಾರಿಸಿ ಸುಮ್ಮನಾಗುತ್ತದೆ. ಎರಡೂ ಒಂದೇ ಸರ್ಕ್ಯೂಟಿನ ಕಾಯಿಲೆ. ಅದರ ಹೆಸರು ಓಮಿಕ್ ಸೆನ್ಸಿಂಗ್.

ಕಾಲಿಂಗ್ ಬೆಲ್ ಸ್ವಿಚ್ಚಿಗಿಂತ ಇದರಲ್ಲಿ ಹೆಚ್ಚಿನ ಗುಟ್ಟೇನೂ ಇಲ್ಲ. ಟಾರ್ಚಿನ ತುದಿಗೆ ಒಂದು ವೈರ್ ಬಂದಿರುತ್ತದೆ, ಅದರಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಡಿಸಿ. ಶೀಲ್ಡ್ ಇಲ್ಲವೇ ನಾಝಲ್ ಪ್ಲೇಟಿಗೆ ತಗುಲಿದಾಗ ಸರ್ಕ್ಯೂಟ್ ಮುಚ್ಚಿಕೊಳ್ಳುತ್ತದೆ. ಕಂಟ್ರೋಲರ್ ಆ ಜಾಗವನ್ನು ಸೊನ್ನೆ ಎಂದು ಗುರುತು ಹಾಕಿಕೊಂಡು, ಟಾರ್ಚನ್ನು ತೂತು ಹೊಡೆಯುವ ಎತ್ತರಕ್ಕೆ ಎತ್ತುತ್ತದೆ, ಆಮೇಲೆ ಕಟಿಂಗ್ ಎತ್ತರಕ್ಕೆ ಇಳಿಸುತ್ತದೆ. 45 ಆಂಪಿಯರ್‌ನ ಶೀಲ್ಡ್ ಟಾರ್ಚಿನಲ್ಲಿ ಇವು ಸುಮಾರು 3.8 ಮಿ.ಮೀ. ಮತ್ತು 1.5 ಮಿ.ಮೀ. ಸೊನ್ನೆಯೇ ಒಂದು ಮಿ.ಮೀ. ತಪ್ಪಿದರೆ ಉಳಿದದ್ದೆಲ್ಲ ತಪ್ಪಿದಂತೆ. ತೀರಾ ಕೆಳಗೆ ತೂತು ಹೊಡೆದರೆ ಕರಗಿದ ಕಬ್ಬಿಣ ಚಿಮ್ಮಿ ಶೀಲ್ಡಿಗೇ ಮೆತ್ತಿಕೊಳ್ಳುತ್ತದೆ, ಮುಂದಿನ ಸಲ ಮುಟ್ಟುವುದು ಇನ್ನೂ ಕೆಡುತ್ತದೆ.

ಒಂದು ಗೊಂದಲ ಈಗಲೇ ಬಿಡಿಸಿಕೊಳ್ಳೋಣ. ಕಟಿಂಗ್ ನಡೆಯುತ್ತಿರುವಾಗ ಟಾರ್ಚ್ ಏರಿಳಿಯುವುದು ಆರ್ಕ್ ವೋಲ್ಟೇಜ್ ನೋಡಿಕೊಂಡು; ಅದು ಬೇರೆಯೇ ವ್ಯವಸ್ಥೆ. ಎಲೆಕ್ಟ್ರೋಡ್ ಸವೆದರೆ ವೋಲ್ಟೇಜ್ ಏರುತ್ತದೆ, ಕಂಟ್ರೋಲರ್ ಟಾರ್ಚ್ ಮೇಲಿದೆ ಎಂದುಕೊಂಡು ಕೆಳಕ್ಕೆ ಇಳಿಸುತ್ತದೆ. ಅರ್ಧ ಕಟ್ ಆದ ಮೇಲೆ ಟಾರ್ಚ್ ಪ್ಲೇಟಿಗೆ ಉಜ್ಜತೊಡಗಿದರೆ ಮೊದಲು ಎಲೆಕ್ಟ್ರೋಡ್ ಬಿಚ್ಚಿ ನೋಡಿ. ಇಲ್ಲಿ ಹೇಳುತ್ತಿರುವುದು ಕಿಡಿ ಹೊತ್ತುವ ಮೊದಲಿನ ತೊಂದರೆ.

ಕೈ ಹಾಕುವ ಮುಂಚೆ ಪ್ಲಾಸ್ಮಾ ಪವರ್ ಸೋರ್ಸಿನ ಮೇನ್ ಆಫ್ ಮಾಡಿ. ಎಮರ್ಜೆನ್ಸಿ ಸ್ಟಾಪ್ ಒತ್ತಿದೆನಲ್ಲ ಎಂದು ನೆಚ್ಚಿಕೊಳ್ಳಬೇಡಿ. ಆ ಯಂತ್ರದ ಟಾರ್ಚಿಗೆ ಬರುವುದು 200 ವೋಲ್ಟಿಗೂ ಮೀರಿದ ಡಿಸಿ. ಕಂಟ್ರೋಲರ್ ಮಾತ್ರ ಆನ್ ಇರಲಿ.

ಈಗ ಎರಡೂ ತುದಿಗೆ ಕ್ರೊಕೊಡೈಲ್ ಕ್ಲಿಪ್ ಇರುವ ಒಂದು ಮೀಟರ್ ವೈರ್ ತೆಗೆದುಕೊಳ್ಳಿ. ಪ್ಲೇಟಿನ ಒಂದು ಮೂಲೆಯನ್ನು ಹೊಳೆಯುವ ತನಕ ಗ್ರೈಂಡ್ ಮಾಡಿ ಒಂದು ಕ್ಲಿಪ್ ಅಲ್ಲಿ ಹಾಕಿ, ಇನ್ನೊಂದನ್ನು ಶೀಲ್ಡಿಗೆ ಮುಟ್ಟಿಸಿ. ಸ್ಕ್ರೀನಿನ ಇನ್‌ಪುಟ್ ಪುಟದಲ್ಲಿ ಪ್ರೋಬ್ ದೀಪ ಹತ್ತಿತೇ? ಹಾಗಾದರೆ ವೈರಿಂಗ್ ಸರಿಯಿದೆ, ತಪ್ಪು ಮೇಲ್ಮೈಯಲ್ಲಿದೆ. ಹತ್ತಲಿಲ್ಲವೇ? ಪ್ಲೇಟಿನ ಕಡೆಯ ಕ್ಲಿಪ್ಪನ್ನು ಅರ್ಥ್ ಬಂದು ಸೇರುವ ಬೋಲ್ಟಿಗೆ ಹಾಕಿ. ಈಗ ಹತ್ತಿದರೆ ಪ್ಲೇಟಿಗೂ ಅರ್ಥಿಗೂ ಸಂಪರ್ಕವಿಲ್ಲ. ಆಗಲೂ ಇಲ್ಲವೆಂದರೆ ಟಾರ್ಚಿನಿಂದ ಕಂಟ್ರೋಲರ್‌ವರೆಗಿನ ವೈರ್ ಹಿಡಿದು ಹೊರಡಿ. ಒಂದು ನಿಮಿಷದ ಈ ಪರೀಕ್ಷೆ ಬಿಟ್ಟು ನೇರವಾಗಿ ಬೋರ್ಡ್ ಬದಲಿಸಲು ಹೊರಡುವವರೇ ಜಾಸ್ತಿ, ಹಣ ಹೋಗುವುದೂ ಅಲ್ಲಿಯೇ.

ಮೇಲ್ಮೈ ಎಂದೆನಲ್ಲ, ಹೆಚ್ಚಿನ ದೂರುಗಳ ಮೂಲ ಅದೇ. ತುಕ್ಕು, ರೋಲಿಂಗಿನಲ್ಲಿ ಕೂತ ಕಪ್ಪು ಪದರ, ರೆಡ್ ಆಕ್ಸೈಡ್ ಇವು ಯಾವುವೂ 24 ವೋಲ್ಟನ್ನು ಸರಿಯಾಗಿ ದಾಟಗೊಡುವುದಿಲ್ಲ. ಬೈಕಂಪಾಡಿಯಂಥ ಕಡಲ ಬದಿಯ ಕೈಗಾರಿಕಾ ಪ್ರದೇಶದಲ್ಲಿ ಮಳೆಗಾಲಕ್ಕೆ ಹೊರಗಿಟ್ಟ ಪ್ಲೇಟ್ ಬೇಗ ಕೆಂಪಾಗುತ್ತದೆ. ಪೀಣ್ಯದ ಒಂದು ಶೆಡ್ಡಿನಿಂದ ಒಮ್ಮೆ ಫೋನ್ ಬಂತು: “ಸಾರ್, ಬೆಳಗ್ಗೆ ಚೆನ್ನಾಗಿತ್ತು, ಊಟ ಆದ್ಮೇಲೆ ಒತ್ತೋಕೆ ಶುರು ಮಾಡಿದೆ.” ಹೋಗಿ ನೋಡಿದರೆ ಮಧ್ಯಾಹ್ನದ ಜಾಬಿಗೆ ಬಳಿದು ತಂದ ಪ್ಲೇಟ್ ಹಾಕಿದ್ದರು. ಮೆಷಿನ್ ಪಾಪ, ಏನೂ ತಪ್ಪು ಮಾಡಿರಲಿಲ್ಲ.

ಪ್ಲೇಟಿನ ಅಡಿಯನ್ನೂ ಮರೆಯಬಾರದು. ಬೆಡ್ಡಿನ ಪಟ್ಟಿಗಳ ಮೇಲೆ ಸ್ಲ್ಯಾಗ್ ಗುಡ್ಡೆಯಾಗಿದ್ದರೆ ಪ್ಲೇಟ್ ಕೂರುವುದು ಅದರ ಮೇಲೆ, ಕಬ್ಬಿಣದ ಮೇಲಲ್ಲ. ಅರ್ಥ್ ಕ್ಲ್ಯಾಂಪನ್ನು ಟೇಬಲ್ಲಿನ ಕಾಲಿಗೆ ಕಚ್ಚಿಸುವ ಅಭ್ಯಾಸ ಬಿಟ್ಟು ಪ್ಲೇಟಿಗೇ ಹಾಕಿ.

ವೈರ್ ಕಡೆ ಅನುಮಾನ ಬಂದರೆ ಮೊದಲ ಕಳ್ಳ ಕೇಬಲ್ ಚೈನ್. ದಿನಕ್ಕೆ ಸಾವಿರ ಸಲ ಮಡಚಿ ಬಿಚ್ಚಿ ಒಳಗಿನ ತಾಮ್ರ ಮುರಿದಿರುತ್ತದೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ಹೊಸದರಂತೆ ಇರುತ್ತದೆ. ಕಂಟ್ರೋಲರನ್ನೂ ಆಫ್ ಮಾಡಿ, ವೈರಿನ ಎರಡೂ ತುದಿಗೆ ಮಲ್ಟಿಮೀಟರ್ ಹಿಡಿದು, ಇನ್ನೊಬ್ಬರ ಕೈಯಲ್ಲಿ ಗ್ಯಾಂಟ್ರಿಯನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಳ್ಳಿಸಿ. ಬೀಪ್ ಎಲ್ಲಿ ತಡವರಿಸಿತೋ ಅಲ್ಲಿ ಮುರಿದಿದೆ. ಗಂಟು ಹಾಕಿ ಟೇಪ್ ಸುತ್ತಬೇಡಿ. ಎಳೆ ಹೆಚ್ಚಿರುವ ಫ್ಲೆಕ್ಸಿಬಲ್ ವೈರ್ ಪೂರ್ತಿ ಹೊಸದಾಗಿ ಎಳೆಯಿರಿ, ಪ್ಲಾಸ್ಮಾದ ದಪ್ಪ ಕೇಬಲ್ಲಿನಿಂದ ಆದಷ್ಟು ದೂರ. ಶೀಲ್ಡಿಗೆ ಕಚ್ಚುವ ಕ್ಲಿಪ್ಪನ್ನೂ ಒಮ್ಮೆ ಎಮರಿ ಪೇಪರಿನಲ್ಲಿ ತಿಕ್ಕಿ.

ಇನ್ನು ಉಲ್ಟಾ ಕೇಸು: ಟಾರ್ಚ್ ಗಾಳಿಯಲ್ಲಿದ್ದರೂ ದೀಪ ಹತ್ತಿಯೇ ಇದೆ. ಟಾರ್ಚಿನ ಬಳಿ ಸೆನ್ಸಿಂಗ್ ವೈರ್ ಕಳಚಿ. ದೀಪ ಆರದಿದ್ದರೆ ವೈರ್ ಎಲ್ಲೋ ಉಜ್ಜಿ ಫ್ರೇಮಿಗೆ ತಾಗಿದೆ, ಇಲ್ಲವೇ ರಿಲೇ ಅಂಟಿಕೊಂಡಿದೆ. ಆರಿದರೆ ದೋಷ ಟಾರ್ಚಿನಲ್ಲಿ. ಶೀಲ್ಡಿಗೂ ನಾಝಲ್ಲಿಗೂ ನಡುವೆ ಸಂಪರ್ಕ ಇರಬಾರದು. ಸಾಸಿವೆ ಕಾಳಿನಷ್ಟು ಸ್ಲ್ಯಾಗ್ ಸಿಕ್ಕಿಕೊಂಡರೂ ಸೇತುವೆಯಾಗುತ್ತದೆ. ನೀರಿನ ಟೇಬಲ್ ಆಗಿದ್ದರೆ ಶೀಲ್ಡಿನೊಳಗೆ ಚಿಮ್ಮಿದ ನೀರೇ ಸಾಕು, ತುಕ್ಕು ತಡೆಯಲು ಔಷಧಿ ಬೆರೆಸಿದ ನೀರಂತೂ ಕರೆಂಟನ್ನು ಇನ್ನೂ ಚೆನ್ನಾಗಿ ಹರಿಸುತ್ತದೆ. ನೀರಿನ ಮಟ್ಟ ಪ್ಲೇಟಿಗಿಂತ ಕೆಳಗಿಳಿಸಿ, ಟಾರ್ಚ್ ಇಳಿಯುವ ಮೊದಲು ಒಂದೆರಡು ಸೆಕೆಂಡ್ ಗಾಳಿ ಊದುವಂತೆ ಸೆಟ್ ಮಾಡಿ.

ಕಿಡಿ ಹೊತ್ತಿದ ಮೇಲಷ್ಟೇ ಕೆಡುತ್ತಿದ್ದರೆ ಹೈ ಫ್ರೀಕ್ವೆನ್ಸಿ ಸ್ಟಾರ್ಟ್ ಇರುವ ಯಂತ್ರವೇ ಎಂದು ನೋಡಿ. ಅಂಥದ್ದರಲ್ಲಿ ಮುಟ್ಟುವ ಕೆಲಸ ಮುಗಿದ ತಕ್ಷಣ ರಿಲೇ ಸೆನ್ಸಿಂಗ್ ವೈರನ್ನು ಕಡಿದು ಬಿಡಬೇಕು, ಇಲ್ಲದಿದ್ದರೆ ಹೈ ಫ್ರೀಕ್ವೆನ್ಸಿಯ ಎಲೆಕ್ಟ್ರಿಕಲ್ ನಾಯ್ಸ್ ಎಲ್ಲ ಇನ್‌ಪುಟ್ಟಿಗೇ ನುಗ್ಗುತ್ತದೆ.

ಕೆಲವು ಜಾಬು ಸರಿ, ಕೆಲವು ತಪ್ಪು ಎನ್ನುವ ದೂರು ಬೇರೆ ಬಗೆಯದು. ಓಮಿಕ್ ಕೈಕೊಟ್ಟಾಗ ನೆರವಿಗೆಂದು ಹಲವು ಟೇಬಲ್ಲುಗಳಲ್ಲಿ ತೇಲು ಸ್ವಿಚ್ ಇರುತ್ತದೆ: ಟಾರ್ಚ್ ಪ್ಲೇಟಿಗೆ ಒತ್ತಿ ಸ್ವಲ್ಪ ಮೇಲೆ ಸರಿದಾಗ ಅದು ಬೀಳುತ್ತದೆ. ಆ ಸರಿದ ದೂರವನ್ನು ಕಂಟ್ರೋಲರಿನಲ್ಲಿ ಆಫ್‌ಸೆಟ್ ಆಗಿ ತುಂಬಿಸಿರದಿದ್ದರೆ ಅಂಥ ಪ್ರತಿ ತೂತೂ ಅಷ್ಟೇ ಕೆಳಗೆ ಬೀಳುತ್ತದೆ. ಬಳಿದ ಪ್ಲೇಟುಗಳ ಕೆಲಸವೇ ಹೆಚ್ಚಿದ್ದವರು ಓಮಿಕ್ ಜೊತೆ ಗುದ್ದಾಡುವ ಬದಲು ಈ ಸ್ವಿಚ್ಚನ್ನೇ ಸರಿಯಾಗಿ ಹೊಂದಿಸಿಕೊಳ್ಳುವುದು ಲೇಸು ಎಂದು ನನ್ನ ಅನಿಸಿಕೆ. ತೆಳು ಶೀಟಿಗೆ ಮಾತ್ರ ಇದು ಒಗ್ಗದು, ಪಟ್ಟಿಗಳ ನಡುವೆ ಶೀಟ್ ಬಾಗಿಬಿಡುತ್ತದೆ. ಅಲ್ಲಿ ಓಮಿಕ್ಕೇ ಬೇಕು, ಇಳಿಯುವ ವೇಗವೂ ಕಡಿಮೆಯಿರಬೇಕು.

ರಿಪೇರಿಯಾದ ಮೇಲೆ, ಪವರ್ ಸೋರ್ಸ್ ಇನ್ನೂ ಆಫ್ ಇರುವಾಗಲೇ, ದಪ್ಪ ಪ್ಲೇಟಿನ ಒಂದೇ ಜಾಗದಲ್ಲಿ ಟಾರ್ಚನ್ನು ಹತ್ತು ಸಲ ಮುಟ್ಟಿಸಿ ಝಡ್ ಅಂಕಿ ಬರೆದುಕೊಳ್ಳಿ. ಆಮೇಲೆ ಟೇಬಲ್ಲಿನ ನಾಲ್ಕೂ ಮೂಲೆಗಳಲ್ಲಿ ಹಾಗೆಯೇ ಮಾಡಿ. ಒಂದೇ ಜಾಗದ ಅಂಕಿಗಳಲ್ಲಿ 0.2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬರದಿದ್ದರೆ ಮೇನ್ ಹಾಕಬಹುದು. ಒಂದೇ ಮೂಲೆಯಲ್ಲಿ ಮಾತ್ರ ಅಂಕಿ ಜಿಗಿದರೆ, ಗ್ಯಾಂಟ್ರಿಯನ್ನು ಅಲ್ಲಿಯೇ ನಿಲ್ಲಿಸಿ ಮತ್ತೆ ಕೇಬಲ್ ಚೈನ್ ಬಿಚ್ಚಿ.