ಶರಣರು ಕಂಡ ತಂದೆತನ

ಮಗು ಹುಟ್ಟಿದೊಡನೆ ಗೃಹಸ್ಥನು ತಂದೆಯೆನಿಸಿಕೊಳ್ಳುತ್ತಾನೆ. ಕುಲದ ಹೆಸರು ಉಳಿಯಿತು, ಮನೆತನಕ್ಕೆ ಹಕ್ಕುದಾರನು ಬಂದನು ಎಂದು ಬಂಧುಗಳು ಹಿಗ್ಗುತ್ತಾರೆ. ಆದರೆ ದೇಹಕ್ಕೆ ಕಾರಣನಾದ ಮಾತ್ರದಿಂದ ತಂದೆತನವು ಪೂರ್ಣವಾಗುವುದೇ? 12ನೆಯ ಶತಮಾನದ ಕಲ್ಯಾಣದ ಶರಣರು ಈ ಪ್ರಶ್ನೆಗೆ ನುಡಿಯಿಂದಲೂ ನಡೆಯಿಂದಲೂ ಉತ್ತರವಿತ್ತಿದ್ದಾರೆ.

ಬಸವಣ್ಣನವರು ಬಾಗೇವಾಡಿಯ ಮಾದರಸ ಮಾದಲಾಂಬಿಕೆಯರ ಮಗ. ತಂದೆಯು ಉಪನಯನಕ್ಕೆ ಅಣಿಮಾಡಲು ಬಾಲಕನು ಅದನ್ನು ಒಲ್ಲೆನೆಂದ ಸಂಗತಿಯನ್ನು ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣವು ಹೇಳುತ್ತದೆ. ಮಾದರಸನು ಕೆಡುಕನಲ್ಲ, ತಾನು ನಂಬಿದುದನ್ನೇ ಮಗನಿಗೆ ಕೊಡಬಯಸಿದನು. ಆದರೆ ಮಗನ ಅಂತರಂಗದಲ್ಲಿ ಆಗಲೇ ಮೊಳೆತಿದ್ದ ಶಿವಭಕ್ತಿಯು ಅವನಿಗೆ ಕಾಣಲಿಲ್ಲ. ಪ್ರೀತಿಯಿದ್ದೂ ಮಗುವಿನ ಮನಸ್ಸನ್ನು ಅರಿಯದ ತಂದೆಗಳು ಇಂದಿಗೂ ಉಂಟು.

ಮುಂದೆ ಬಿಜ್ಜಳನ ಆಸ್ಥಾನದಲ್ಲಿ ಉನ್ನತ ಪದವಿಯಲ್ಲಿದ್ದ ಅದೇ ಬಸವಣ್ಣನವರು ತಮ್ಮ ವಚನದಲ್ಲಿ ಮಾದಾರ ಚೆನ್ನಯ್ಯನನ್ನು ತಂದೆಯೆಂದು ಕರೆದರು. ಡೋಹರ ಕಕ್ಕಯ್ಯನನ್ನು ಮನೆಯ ಹಿರಿಯರಲ್ಲಿ ಎಣಿಸಿದರು. ಇದು ಕೇವಲ ವಿನಯದ ಮಾತಲ್ಲ. ರಕ್ತದಿಂದ ಬರುವ ಕುಲಕ್ಕಿಂತ ಭಕ್ತಿಯಿಂದ ಬರುವ ಕುಲವು ಹಿರಿದೆಂಬ ನಿರ್ಣಯವದು.

ವೀರಶೈವ ದೀಕ್ಷೆಯ ತತ್ತ್ವವೂ ಇದೇ ಆಗಿದೆ. ಶ್ರೀಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿರಿಸಿ, ಕರ್ಣದಲ್ಲಿ ಮಂತ್ರವನ್ನು ಉಪದೇಶಿಸಿ, ಕರಸ್ಥಲಕ್ಕೆ ಇಷ್ಟಲಿಂಗವನ್ನು ಅನುಗ್ರಹಿಸುತ್ತಾನೆ. ಅಂದಿನಿಂದ ಭಕ್ತನು ಗುರುಕರಜಾತನು. ಹಾಗಾದರೆ ಹೆತ್ತ ತಂದೆಗೆ ಸ್ಥಾನವಿಲ್ಲವೇ? ಉಂಟು, ಅದು ಒಡೆಯನ ಸ್ಥಾನವಲ್ಲ. ಮಗುವು ಶಿವನು ಕೈಗಿತ್ತ ನಿಕ್ಷೇಪ. ಅದನ್ನು ಸತ್ಯಶುದ್ಧ ಕಾಯಕದ ಅನ್ನದಿಂದ ಬೆಳೆಸುವುದು, ಲಿಂಗಪೂಜೆಯನ್ನು ತಾನು ಮಾಡಿ ತೋರಿಸುವುದು, ದಾಸೋಹದಲ್ಲಿ ಅದರ ಕೈಯನ್ನೂ ಕೂಡಿಸುವುದು ತಂದೆಯ ಧರ್ಮ. ತಾನು ಪೂಜೆಯನ್ನು ಬಿಟ್ಟು ಮಗನಿಗೆ ವಿಭೂತಿ ಧರಿಸೆಂದು ಗದರಿಸುವವನ ಮಾತು ನಾಟುವುದೆಂತು?

ತಂದೆತನದ ಕಠಿಣ ಪರೀಕ್ಷೆಯು ಮಕ್ಕಳ ವಿವಾಹದಲ್ಲಿ ಒದಗುತ್ತದೆ. ಸಮಗಾರ ಕಾಯಕದ ಹರಳಯ್ಯನ ಮಗನಿಗೆ ಬ್ರಾಹ್ಮಣ ಕುಲದಿಂದ ಬಂದ ಮಧುವರಸನು ತನ್ನ ಮಗಳನ್ನು ಕೊಟ್ಟನು. ಆ ಸಂಬಂಧಕ್ಕಾಗಿ ಬಿಜ್ಜಳನ ಆಜ್ಞೆಯಿಂದ ಆ ಇಬ್ಬರು ತಂದೆಗಳೂ ಪ್ರಾಣವನ್ನು ತೆತ್ತರೆಂದು ಶರಣಪರಂಪರೆಯು ನೆನೆಯುತ್ತದೆ. ಅನುಭವಮಂಟಪದಲ್ಲಿ ಸಮಾನತೆಯನ್ನು ನುಡಿಯುವುದು ಸುಲಭ. ಸ್ವಂತ ಮಗಳ ಕೈಯನ್ನು ಹಿಡಿದುಕೊಡುವಾಗ ಅದನ್ನು ನಡೆಸುವುದು ದುಸ್ತರ. ಅವರು ನುಡಿದಂತೆ ನಡೆದರು.

ಈ ಶರಣರನ್ನು ಪೂಜಿಸುವ ಮನೆಯಲ್ಲಿ ವರನ ಭಕ್ತಿಯನ್ನೂ ಕಾಯಕವನ್ನೂ ಕೇಳುವ ಮೊದಲೇ ಒಳಪಂಗಡವನ್ನು ಕೇಳುವುದುಂಟು. ಅಂಥ ತಂದೆಯು ಯಾರ ಮಾರ್ಗದಲ್ಲಿರುವನೆಂಬುದನ್ನು ಲಿಂಗವನ್ನು ಕರಸ್ಥಲದಲ್ಲಿ ಹಿಡಿದು ತಾನೇ ಆಲೋಚಿಸಬೇಕು. ಮಕ್ಕಳು ತಂದೆಯಿಂದ ಹೊಲಮನೆಗಳನ್ನು ಹಂಚಿಕೊಳ್ಳಬಹುದು. ಅವನ ನಡೆಯಾದರೋ ಹಂಚದೆಯೇ ಎಲ್ಲರಿಗೂ ಪೂರ್ಣವಾಗಿ ಸಲ್ಲುವ ಆಸ್ತಿ. ಅದನ್ನು ನಿರ್ಮಲವಾಗಿ ಉಳಿಸುವವನೇ ನಿಜವಾದ ತಂದೆ.