ಬಚ್ಚಲ ಒಲೆಯ ದುರಸ್ತಿ: ಖರ್ಚಿನ ಲೆಕ್ಕ ಹೇಗೆ?

ಪುತ್ತೂರು, ಸುಳ್ಯಗಳ ಕಡೆಯ, ಹಾಗೆಯೇ ಈಗ ಪ್ರತ್ಯೇಕ ತಾಲೂಕಾಗಿರುವ ಕಡಬದ ಕಡೆಯ ತೋಟದ ಮನೆಗಳಲ್ಲಿ ಬೆಳಗಿನ ಮೊದಲ ಹೊಗೆ ಏಳುವುದು ಅನೇಕ ವೇಳೆ ಅಡುಗೆಮನೆಯಿಂದಲ್ಲ, ಬಚ್ಚಲಿನಿಂದ. ಅಡುಗೆಗೆ ಅನಿಲದ ಒಲೆ ಬಂದು ಬಹಳ ಕಾಲವಾಯಿತು. ಮಾಡಿನ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಸಾಧನ ಕುಳಿತಿರುವ ಮನೆಗಳೂ ಉಂಟು. ಆದರೆ ಆಟಿಯ ಮಳೆ ಹಿಡಿದು ನಾಲ್ಕು ದಿನ ಸೂರ್ಯನ ಮುಖ ಕಾಣದೆ, ವಿದ್ಯುತ್ತೂ ಇಲ್ಲದಿರುವಾಗ ಮನೆಮಂದಿ ಆಶ್ರಯಿಸುವುದು ಮುರಕಲ್ಲಿನ ಕಟ್ಟೆಯಲ್ಲಿ ಕುಳಿತ ಹಂಡೆಯನ್ನೇ.

ಈ ಒಲೆ ಕೆಟ್ಟಿತೆಂದರೆ ಸಲಹೆಗಳಿಗೆ ಕೊರತೆಯಿಲ್ಲ. ಸಿಮೆಂಟು ಬಳಿಸಿರಿ ಎನ್ನುವವರು ಕೆಲವರು, ಹಂಡೆ ಹಳತಾಯಿತು, ಹೊಸತು ಕೊಳ್ಳಿರಿ ಎನ್ನುವವರು ಕೆಲವರು. ನಮ್ಮ ಮನೆಯಲ್ಲಿಯೇ ಎರಡು ವರ್ಷ ಸಿಮೆಂಟು ಬಳಿಸಿ, ಎರಡು ಸಲವೂ ಅದು ಹಕ್ಕಳೆಯಾಗಿ ಉದುರಿದ ಮೇಲೆ, ಕಾಲೇಜಿನಲ್ಲಿ ಉಷ್ಣಶಾಸ್ತ್ರವನ್ನು ಬೋಧಿಸುವ ನನಗೆ ತುಸು ನಾಚಿಕೆಯೆನಿಸಿತು. ದುರಸ್ತಿಯ ಬೆಲೆಯನ್ನು ಮೇಸ್ತ್ರಿಯ ಕೂಲಿಯಿಂದ ಅಳೆಯುವುದೇ ನಾವು ಮಾಡುವ ಮೊದಲನೆಯ ತಪ್ಪು. ಅದನ್ನು ಅಳೆಯಬೇಕಾದುದು ಕಟ್ಟಿಗೆಯಿಂದ.

ಹಂಡೆಯಲ್ಲಿ 60 ಲೀಟರು ನೀರಿದೆಯೆಂದೂ ಅದನ್ನು 25 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಬೇಕೆಂದೂ ಇಟ್ಟುಕೊಳ್ಳೋಣ. ಒಂದು ಲೀಟರು ನೀರನ್ನು ಒಂದು ಡಿಗ್ರಿಯಷ್ಟು ಕಾಯಿಸಲು ಒಂದು ಕಿಲೋಕೆಲೊರಿ ಶಾಖ ಬೇಕು. ಆದುದರಿಂದ ಬೇಕಾಗುವ ಒಟ್ಟು ಶಾಖ 60 × 35, ಅಂದರೆ 2,100 ಕಿಲೋಕೆಲೊರಿ. ವಿದ್ಯುತ್ತಿನ ಲೆಕ್ಕದಲ್ಲಿ ಇದು ಸುಮಾರು ಎರಡೂವರೆ ಯೂನಿಟ್ಟು. ಒಣಗಿದ ಕಟ್ಟಿಗೆ ಒಂದು ಕಿಲೋಗ್ರಾಮು ಉರಿದರೆ ಸುಮಾರು 4,000 ಕಿಲೋಕೆಲೊರಿ ದೊರೆಯುವುದರಿಂದ, ಶಾಖವೆಲ್ಲವೂ ನೀರಿಗೆ ಸೇರುವುದಾದರೆ ಅರ್ಧ ಕಿಲೋಗ್ರಾಮಿನ ಮೇಲೆ ತುಸು ಕಟ್ಟಿಗೆ ಸಾಕು! ಯಾವ ಮನೆಯಲ್ಲಿಯೂ ಹಾಗಾಗುವುದಿಲ್ಲ. ಶಾಖದ ಎಂಟನೆಯ ಒಂದು ಪಾಲು ಮಾತ್ರ ನೀರಿಗೆ ತಲಪುವ ಒಲೆಯಲ್ಲಿ ನಾಲ್ಕು ಕಿಲೋಗ್ರಾಮಿಗೂ ಮಿಕ್ಕಿ ಬೇಕು; ಅದನ್ನು ಸರಿಪಡಿಸಿ ನಾಲ್ಕನೆಯ ಒಂದು ಪಾಲಿಗೆ ತಂದರೆ ಎರಡು ಕಿಲೋಗ್ರಾಮು ಸಾಕು. ದಿನಕ್ಕೆ ಎರಡು ಕಿಲೋಗ್ರಾಮಿನ ಉಳಿತಾಯವೆಂದರೆ ವರ್ಷಕ್ಕೆ ಏಳು ಕ್ವಿಂಟಲಿಗೆ ಮೀರಿತು. ಕಿಲೋಗ್ರಾಮಿಗೆ 5 ರೂಪಾಯಿಯೆಂದು ಹಿಡಿದರೆ, 3,000 ರೂಪಾಯಿಯ ದುರಸ್ತಿ 300 ದಿನಗಳಲ್ಲಿ ತನ್ನ ಖರ್ಚನ್ನು ತಾನೇ ತೀರಿಸುತ್ತದೆ. ವಾಚಕರು ತಮ್ಮ ಊರಿನ ಬೆಲೆಗಳನ್ನು ಹಾಕಿ ಈ ಲೆಕ್ಕವನ್ನು ತಾವೇ ಮಾಡಿಕೊಳ್ಳಬಹುದು. ದುರಸ್ತಿಗೆ ಮುಂಚೆ ಒಂದು ವಾರ, ಅನಂತರ ಒಂದು ವಾರ, ಒಲೆಗೆ ಹಾಕುವ ಕಟ್ಟಿಗೆಯನ್ನು ತೂಗಿ ಬರೆದಿಟ್ಟರೆ ಮುಗಿಯಿತು.

“ನಮ್ಮದು ತೋಟದ ಮನೆ, ಸೋಗೆ, ಮಡಲು, ತೆಂಗಿನ ಸಿಪ್ಪೆ, ಗೆರಟೆ ಎಲ್ಲವೂ ಪುಕ್ಕಟೆ” ಎಂದು ಕೆಲವರು ಹೇಳುವುದುಂಟು. ಪುಕ್ಕಟೆ ಎಂಬುದು ಅದನ್ನು ಹೊತ್ತು ತರದವರ ಮಾತು. ಅದನ್ನು ಹೆಕ್ಕಿ, ಒಣಗಿಸಿ, ಮಳೆಗಾಲಕ್ಕೆ ಕೂಡಿಡುವ ಕೆಲಸ ಹೆಚ್ಚಾಗಿ ಮನೆಯ ಹೆಂಗಸರ ಪಾಲಿನದು. ಅಲ್ಲದೆ ಒಲೆಗೆ ಹೋದ ಸೋಗೆ ಅಡಿಕೆಮರದ ಬುಡಕ್ಕೆ ಗೊಬ್ಬರವಾಗಿ ಬರಲಾರದು.

ಈಗ ಹಂಡೆಯ ಪ್ರಶ್ನೆ. ತಾಮ್ರವು ಉತ್ತಮ ಉಷ್ಣವಾಹಕ. ಆದುದರಿಂದ ಹೊಸ ತಾಮ್ರದ ಹಂಡೆ ತಂದರೆ ಕಟ್ಟಿಗೆ ಉಳಿಯುವುದೆಂಬ ನಂಬಿಕೆ ಬಹಳ ಮಂದಿಗಿದೆ. ಇದು ಅರ್ಧಸತ್ಯ. ಶಾಖವು ಬೆಂಕಿಯಿಂದ ನೀರಿಗೆ ಹೋಗುವ ದಾರಿಯಲ್ಲಿ ಲೋಹದ ತಗಡು ಒಡ್ಡುವ ತಡೆ ತೀರ ಅಲ್ಪ. ನಿಜವಾದ ತಡೆಯಿರುವುದು ಹಂಡೆಯ ಹೊರಮೈಗೆ ಅಂಟಿಕೊಂಡಂತೆ ನಿಂತಿರುವ ತೆಳುವಾದ ಬಿಸಿಗಾಳಿಯ ಪದರದಲ್ಲಿ. ಅದು ತಾಮ್ರದ ತಡೆಗಿಂತ ಸಾವಿರಾರು ಪಾಲು ಹೆಚ್ಚು. ಹೀಗಿರುವಾಗ ತಾಮ್ರಕ್ಕೆ ಬದಲು ಅಲ್ಯೂಮಿನಿಯಮ್ಮನ್ನು ಇಟ್ಟರೂ ಕಟ್ಟಿಗೆಯ ಲೆಕ್ಕದಲ್ಲಿ ವ್ಯತ್ಯಾಸ ಕಾಣದು. ದಪ್ಪಗೆ ಕಟ್ಟಿದ ಮಸಿಯಾದರೋ ತಡೆಯನ್ನು ತಕ್ಕಮಟ್ಟಿಗೆ ಹೆಚ್ಚಿಸುತ್ತದೆ; ಅದನ್ನು ಕೆರೆದು ತೆಗೆಯಲು ಕಾಸು ಖರ್ಚಿಲ್ಲ.

ಆ ಗಾಳಿಯ ಪದರವನ್ನು ತೆಳುಗೊಳಿಸುವ ಉಪಾಯವೇನು? ಬಿಸಿಗಾಳಿಯು ಹಂಡೆಯ ಮೈಯನ್ನು ಸವರಿಕೊಂಡು ವೇಗವಾಗಿ ಹರಿಯುವಂತೆ ಮಾಡುವುದು. ಹಂಡೆಗೂ ಒಲೆಯ ಗೋಡೆಗೂ ನಡುವೆ ಸುಮಾರು ಒಂದು ಬೆರಳಿನ ಅಗಲದ ಸಂದಿದ್ದರೆ ಹಾಗಾಗುತ್ತದೆ. ಮಣ್ಣು ಉದುರಿ ಸಂದು ಒಂದು ಗೇಣಿನಷ್ಟಾದರೆ ಜ್ವಾಲೆ ಹಂಡೆಯನ್ನು ಮುಟ್ಟದೆಯೇ ಹೊರಟುಹೋಗುತ್ತದೆ. ಸಂದು ತೀರ ಕಿರಿದಾದರೆ ಹೊಗೆ ಒಲೆಯ ಬಾಯಿಂದ ಹಿಂದಕ್ಕೆ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗದವರು ರೂಪಿಸಿದ ಒಲೆಯಲ್ಲಿಯೂ ಸುಧಾರಣೆಯಾದುದು ಪಾತ್ರೆಯಲ್ಲಲ್ಲ. ಕಟ್ಟಿಗೆಯ ಕೆಳಗಿನ ಜಾಲರಿ, ಗಾಳಿಯ ಹತೋಟಿ, ಪಾತ್ರೆ ಕೂಡುವ ಕಂಡಿ ಹಾಗೂ ಹೊಗೆಕೊಳವೆಗಳಲ್ಲಿ.

ಹಂಡೆ ಸೋರುತ್ತಿದ್ದರೆ ಮಾತು ಬೇರೆ. ಒಂದು ಲೀಟರು ನೀರು ಬೆಂಕಿಗೆ ಬಿದ್ದು ಆವಿಯಾದರೆ 600 ಕಿಲೋಕೆಲೊರಿಗೂ ಹೆಚ್ಚು ಶಾಖ ವ್ಯರ್ಥ. ನಮಗೆ ಬೇಕಾದುದರ ಕಾಲುಭಾಗಕ್ಕಿಂತ ಅಧಿಕ! ಬೂದಿ ಒದ್ದೆಯಾಗಿದ್ದರೆ, ಬೆಂಕಿ ಚುರುಚುರುಗುಟ್ಟುತ್ತಿದ್ದರೆ ಹಂಡೆಯ ತಳವನ್ನು ಪರೀಕ್ಷಿಸಬೇಕು. ತವರ ಮತ್ತು ಸೀಸದ ಬೆಸುಗೆ 200 ಡಿಗ್ರಿಯೊಳಗೆಯೇ ಕರಗುವಂಥದು. ಆದರೂ ಹಂಡೆಯಲ್ಲಿ ನೀರಿರುವ ತನಕ ತಗಡಿನ ಉಷ್ಣತೆ 100 ಡಿಗ್ರಿಯನ್ನು ಹೆಚ್ಚು ಮೀರದಾದುದರಿಂದ ಅದು ನಿಲ್ಲುತ್ತದೆ. ನೀರಿಲ್ಲದ ಹಂಡೆಗೆ ಒಮ್ಮೆ ಬೆಂಕಿಯಿಟ್ಟರೆ ಬೆಸುಗೆಗೆ ಕೊಟ್ಟ ಹಣ ಬೂದಿಯಲ್ಲಿ ಬಿತ್ತು. ಮರೆಗುಳಿಗಳಿರುವ ಮನೆಯವರು ಹಿತ್ತಾಳೆಯ ಬೆಸುಗೆಯನ್ನೇ ಹಾಕಿಸುವುದು ಲೇಸು.

ಸಿಮೆಂಟು ಏಕೆ ಉದುರಿತು? ಸಿಮೆಂಟು ನೀರಿನೊಡನೆ ಗಟ್ಟಿಯಾಗುವಾಗ ಅದರಲ್ಲಿ ಅರಳಿದ ಸುಣ್ಣವೂ ಉತ್ಪನ್ನವಾಗುತ್ತದೆ. ಬೆಂಕಿಯ ಗೂಡಿನಲ್ಲಿ ಶಾಖ 400 ಡಿಗ್ರಿಯನ್ನು ಮೀರಿ ಏರುತ್ತಿದ್ದಂತೆ ಇದು ನೀರನ್ನು ಕಳೆದುಕೊಂಡು ಸುಟ್ಟ ಸುಣ್ಣವಾಗುತ್ತದೆ. ಒಲೆ ಆರಿದ ಮೇಲೆ ನಮ್ಮ ಸೀಮೆಯ ಒದ್ದೆ ಗಾಳಿಯಿಂದ ತೇವವನ್ನು ಹೀರಿ ಉಬ್ಬಿ, ಗಾರೆಯನ್ನು ಒಳಗಿನಿಂದಲೇ ಸೀಳುತ್ತದೆ. ಮೇಸ್ತ್ರಿಯ ಕೈಯಲ್ಲಿ ದೋಷವಿರಲಿಲ್ಲ. ಹೇಳಿ ಮಾಡಿಸಿದ ನಾನೇ ತಪ್ಪಿದ್ದೆ. ಒಲೆಯ ಹೊರಮೈಗೆ ಸಿಮೆಂಟು ಇರಲಿ. ಒಳಗೆ ಬೆಂಕಿಯಿಟ್ಟಿಗೆ ಸಿಕ್ಕಿದರೆ ಉತ್ತಮ, ಇಲ್ಲವಾದರೆ ಹುತ್ತದ ಮಣ್ಣು ಸಾಕು. ಬರಿಯ ಮಣ್ಣು ಒಣಗುವಾಗ ಕುಗ್ಗಿ ಬಿರಿಯುವುದರಿಂದ ಅದಕ್ಕೆ ಮರಳನ್ನೋ ಒಡೆದ ಹಂಚಿನ ಪುಡಿಯನ್ನೋ ಸೇರಿಸಬೇಕು. ಹಂಚು ಮೊದಲೇ ಸುಟ್ಟ ಮಣ್ಣಾದುದರಿಂದ ಮತ್ತೆ ಕುಗ್ಗದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ಹಿತ್ತಿಲುಗಳಲ್ಲಿ ಒಡೆದ ಹಂಚಿಗೆ ಬರವೇ ಬಂದಿಲ್ಲ!

ಹೊಗೆಕೊಳವೆಯ ವಿಚಾರವನ್ನು ಮಾತ್ರ ಖರ್ಚಿನ ಲೆಕ್ಕದಿಂದ ಹೊರಗಿಡಬೇಕೆಂದು ನನ್ನ ಅಭಿಪ್ರಾಯ. ಮೂರು ಮೀಟರು ಎತ್ತರದ ಕೊಳವೆಯಲ್ಲಿ 150 ಡಿಗ್ರಿಯ ಹೊಗೆಯಿದ್ದರೆ ಅದು ಉಂಟುಮಾಡುವ ಎಳೆತ ಕೇವಲ ಒಂದು ಮಿಲಿಮೀಟರು ನೀರಿನ ಒತ್ತಡಕ್ಕೆ ಸಮ. ಇಷ್ಟು ದುರ್ಬಲವಾದ ಎಳೆತವನ್ನು ಕೆಡಿಸಲು ಒಂದು ಹಕ್ಕಿಯ ಗೂಡು ಸಾಕು. ಬುಡದಲ್ಲಿ ಒಂದು ಬಿರುಕು ಬಿದ್ದು ತಣ್ಣನೆಯ ಗಾಳಿ ನುಗ್ಗಿದರೂ ಸಾಕು. ಒಲೆ ಉರಿಯುತ್ತಿರುವಾಗ ಸಂದುಗಳ ಬಳಿ ಊದುಬತ್ತಿಯನ್ನು ಹಿಡಿದರೆ, ಬಿರುಕಿದ್ದಲ್ಲಿ ಅದರ ಹೊಗೆ ಒಳಕ್ಕೆ ಎಳೆಯಲ್ಪಡುತ್ತದೆ. ಎಳೆತ ಕುಂದಿದ ಒಲೆಯಿಂದ ಬರುವುದು ಕಣ್ಣುರಿಸುವ ಹೊಗೆಯೊಂದೇ ಅಲ್ಲ. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮಾನಾಕ್ಸೈಡು ಎಂಬ ವಿಷಾನಿಲವೂ ಬರುತ್ತದೆ. ಅದು ರಕ್ತವು ಆಮ್ಲಜನಕವನ್ನು ಹೊರದಂತೆ ಮಾಡುತ್ತದೆ. ಚಳಿಯೆಂದು ಬಾಗಿಲು, ಕಿಟಕಿಗಳನ್ನು ಮುಚ್ಚಿ, ಕೆಂಡವಿರುವ ಬಚ್ಚಲಿನಲ್ಲಿ ಎಣ್ಣೆಸ್ನಾನಕ್ಕೆ ಕುಳಿತವರಿಗೆ ತಲೆಸುತ್ತು, ತಲೆನೋವು ಕಾಣಿಸಿದರೆ ಅದನ್ನು ಎಣ್ಣೆಯ ಶೀತವೆಂದು ತಳ್ಳಿಹಾಕಬಾರದು. ಕೂಡಲೆ ಹೊರಗಿನ ಗಾಳಿಗೆ ಬರಬೇಕು, ಹೊಗೆಕೊಳವೆ ಸರಿಯಾಗುವವರೆಗೆ ಆ ಒಲೆಯನ್ನು ಹಚ್ಚಬಾರದು.

ದುರಸ್ತಿಗೆ ತಕ್ಕ ಕಾಲ ಬೇಸಗೆ. ಹೊಸ ಮಣ್ಣನ್ನು ಕೆಲವು ದಿನ ನೆರಳಿನಲ್ಲಿ ಆರಲು ಬಿಟ್ಟು, ಅನಂತರ ನಾಲ್ಕಾರು ಗೆರಟೆಗಳ ಸಣ್ಣ ಬೆಂಕಿಯನ್ನಷ್ಟೆ ಹಾಕಬೇಕು. ಒಳಗಿನ ತೇವ ಒಮ್ಮೆಗೇ ಆವಿಯಾದರೆ ಮಣ್ಣು ಬಿರಿಯುತ್ತದೆ. ಮೇಸ್ತ್ರಿಯನ್ನು ಪುನಃ ಕರೆಸಬೇಕಾಗುತ್ತದೆ.